ಸೋಲು ಯಾರ ಬಾಬ್ತು?

ಬ್ಯಾಂಕಿನಲ್ಲಿ ಚಹಾದ ಹೊತ್ತಿಗೆ ನಮ್ಮ ಕಿರಿಯ ಸಹೋದ್ಯೋಗಿಯೊಬ್ಬ ಕೇಳಿದ: "ನಲವತ್ತೊಂಬತ್ತು ಪಂದ್ಯ, ನಲವತ್ತೊಂಬತ್ತು ಗೆಲುವು. ಇದಕ್ಕಿಂತ ದೊಡ್ಡ ಬಾಕ್ಸರ್ ಯಾರಿದ್ದಾನೆ ಸಾರ್?" ಅವನು ಹೇಳುತ್ತಿದ್ದುದು ಅಮೆರಿಕದ ಹೆವಿವೇಟ್ ಬಾಕ್ಸರ್ ರಾಕಿ ಮಾರ್ಸಿಯಾನೊನ ಬಗ್ಗೆ. ಅವನು ಕೇಳಿದ್ದು ಮಲಯಾಳದಲ್ಲಿ. ನಾನು ಕನ್ನಡ ಬೆರೆತ ನನ್ನ ಮಲಯಾಳದಲ್ಲಿ ಏನೋ ಹೇಳಿ ಕೌಂಟರಿಗೆ ಮರಳಿದೆ. ಆದರೆ ಪ್ರಶ್ನೆ ನನ್ನ ಜೊತೆ ಮನೆಗೂ ಬಂತು.

ಅವನ ಲೆಕ್ಕದಲ್ಲಿ ತಪ್ಪಿಲ್ಲ. ಮಾರ್ಸಿಯಾನೊ 1952ರಲ್ಲಿ ವಿಶ್ವ ಚಾಂಪಿಯನ್ ಆದ. 1956ರಲ್ಲಿ ಒಂದೂ ಸೋಲಿಲ್ಲದೆ ನಿವೃತ್ತನಾದ. 49 ಗೆಲುವುಗಳಲ್ಲಿ 43 ನಾಕೌಟ್. ಅವನಿಗಿಂತ ಹಿಂದಿನ ಜೋ ಲೂಯಿಸ್ 1937ರಿಂದ 1949ರವರೆಗೆ ಚಾಂಪಿಯನ್ ಆಗಿದ್ದ, 25 ಸಲ ಪಟ್ಟ ಉಳಿಸಿಕೊಂಡ. ಆದರೆ ಅವನ ಹೆಸರಿನಲ್ಲಿ 3 ಸೋಲುಗಳಿವೆ. ಸೊನ್ನೆಯ ಮುಂದೆ ಮೂರು ನಿಲ್ಲುವುದೆಂತು?

ಆ ಮೂರನ್ನು ಬಿಡಿಸಿ ನೋಡಿದೆ. ಮೊದಲನೆಯದು 1936ರಲ್ಲಿ, ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನ ಕೈಯಲ್ಲಿ. ಎರಡು ವರ್ಷದ ಬಳಿಕ ಅದೇ ಶ್ಮೆಲಿಂಗ್‌ನನ್ನು ಲೂಯಿಸ್ ಮೊದಲ ಸುತ್ತಿನಲ್ಲೇ ಮುಗಿಸಿದ. ಆ ಸಾಲ ಬಡ್ಡಿಸಹಿತ ತೀರಿತೆನ್ನಿ. ಉಳಿದೆರಡೂ ನಿವೃತ್ತಿಯ ನಂತರದವು. ಯುದ್ಧಕಾಲದಲ್ಲಿ, 1942ರಲ್ಲಿ, ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟಿದ್ದ ಮನುಷ್ಯ, ಕೊನೆಗೆ ತೆರಿಗೆ ಬಾಕಿ ತೀರಿಸಲಿಕ್ಕಾಗಿ ಮತ್ತೆ ಗ್ಲೌಸ್ ತೊಡಬೇಕಾಯಿತು. 1950ರಲ್ಲಿ ಎಜರ್ಡ್ ಚಾರ್ಲ್ಸ್‌ಗೆ ಸೋತ. 1951ರ ಅಕ್ಟೋಬರ್ 26ರಂದು ನ್ಯೂಯಾರ್ಕಿನಲ್ಲಿ ಅವನೆದುರು ನಿಂತವನು ಇದೇ ಮಾರ್ಸಿಯಾನೊ. ಲೂಯಿಸ್‌ಗೆ 37, ಮಾರ್ಸಿಯಾನೊನಿಗೆ 28. ಎಂಟನೆಯ ಸುತ್ತಿನಲ್ಲಿ ಹಳೆಯ ಚಾಂಪಿಯನ್ ಹಗ್ಗಗಳ ನಡುವಿನಿಂದ ಹೊರಗೆ ಬಿದ್ದ.

ಈ ಸೋಲನ್ನು ಯಾವ ಬಾಬ್ತಿಗೆ ಬರೆಯೋಣ? ಬಾಕ್ಸರನಿಗೋ, ತೆರಿಗೆಯ ಸಾಲಕ್ಕೋ? ದಾಖಲೆ ಪುಸ್ತಕದಲ್ಲಿ ಅಂಥ ಕಾಲಮ್ಮೇ ಇಲ್ಲ. ಹಾಗೆಂದು ಸೋತವರಿಗೆಲ್ಲ ಒಂದೊಂದು ಕಾರಣ ಹುಡುಕಿ ವಿನಾಯಿತಿ ಕೊಡುತ್ತಾ ಹೋದರೆ ಗೆದ್ದವನ ಶ್ರಮಕ್ಕೆ ಬೆಲೆ ಉಳಿಯುವುದಿಲ್ಲ. ಲೂಯಿಸ್ ದುಡ್ಡಿನ ವಿಷಯದಲ್ಲಿ ಧಾರಾಳಿಯಾಗಿದ್ದ. ಅವನು ಮಣಿಸಿದ ಸವಾಲುಗಾರರಲ್ಲಿ ಕೆಲವರು ತೀರ ಸಾಮಾನ್ಯರು ಎಂಬುದೂ ನಿಜ. ಮಾರ್ಸಿಯಾನೊನಾದರೂ ಯಾರಿಗೆ ಹೆದರಿ ಹಿಂಜರಿದ? 1955ರಲ್ಲಿ ಆರ್ಚಿ ಮೂರ್ ಅವನನ್ನು ಎರಡನೆಯ ಸುತ್ತಿನಲ್ಲಿ ನೆಲಕ್ಕೆ ಕೆಡವಿದ. ಎದ್ದು ನಿಂತು ಒಂಬತ್ತನೆಯದರಲ್ಲಿ ಗೆದ್ದ. ಎದುರಾಳಿಗಳಲ್ಲಿ ಹೆಸರುವಾಸಿಗಳಾದ ವಾಲ್ಕಾಟ್, ಚಾರ್ಲ್ಸ್, ಮೂರ್ ಎಲ್ಲರೂ ಅವನಿಗಿಂತ ಹಿರಿಯರು. ಅದು ಅವನ ತಪ್ಪಲ್ಲ, ಕಾಲದ್ದು.

ಆದರೂ ಸೊನ್ನೆಯ ಬಗ್ಗೆ ನನಗೊಂದು ಗುಮಾನಿ ಇದೆ. ಅದು ಬಂದದ್ದು ಬಾಕ್ಸಿಂಗಿನಿಂದಲ್ಲ, ಸಾಲದ ಲೆಡ್ಜರಿನಿಂದ. ಬಹಳ ಹಿಂದೆ ನಾನಿದ್ದ ಶಾಖೆಯೊಂದರಲ್ಲಿ ಒಬ್ಬ ಮ್ಯಾನೇಜರರ ಕಾಲದಲ್ಲಿ ವಸೂಲಾಗದ ಸಾಲ ಒಂದೂ ಇರಲಿಲ್ಲ. ಅವರು ಚಿನ್ನ ಅಡವಿಟ್ಟವರಿಗೆ ಬಿಟ್ಟು ಬೇರೆಯವರಿಗೆ ಸಾಲ ಕೊಟ್ಟದ್ದೇ ಅಪರೂಪ. ಅವರ ನಂತರ ಬಂದವರು ದನ ಸಾಕುವವರಿಗೆ, ಸಣ್ಣ ಅಡಿಕೆ ತೋಟದವರಿಗೆ, ದೋಣಿಯವರಿಗೆ ಕೊಟ್ಟರು. ಏಳೆಂಟು ಸಾಲ ಮುಳುಗಿತು. ಬಡ್ತಿ ಸಿಕ್ಕಿದ್ದು ಮೊದಲಿನವರಿಗೆ. ಮುಳುಗದ ಸಾಲಗಳಿಂದ ಎಷ್ಟು ಮನೆಗಳ ಮಕ್ಕಳು ಓದಿದರು ಎಂಬುದಕ್ಕೆ ನಮ್ಮಲ್ಲೂ ಕಾಲಮ್ ಇರಲಿಲ್ಲ.

2017ರಲ್ಲಿ ಫ್ಲಾಯ್ಡ್ ಮೇವೆದರ್ ತನ್ನ 50ನೆಯ ಗೆಲುವು ಪಡೆದು, ಸೋಲಿಲ್ಲದೆ ನಿವೃತ್ತನಾದ. ದೊಡ್ಡ ಬಾಕ್ಸರನೇ, ಸಂಶಯವಿಲ್ಲ. ಆದರೆ ಆ ಐವತ್ತನೆಯ ಎದುರಾಳಿ ಕಾನರ್ ಮೆಕ್‌ಗ್ರೆಗರ್‌ಗೆ ಅದು ವೃತ್ತಿಪರ ಬಾಕ್ಸಿಂಗಿನ ಮೊತ್ತಮೊದಲ ಪಂದ್ಯ! ಪುಸ್ತಕದಲ್ಲಿ ಅದೂ ಒಂದೇ, ಮೂರ್‌ನನ್ನು ಮಣಿಸಿದ್ದೂ ಒಂದೇ.

ಹನ್ನೆರಡು ವರ್ಷ ಪಟ್ಟವನ್ನು ಪಣಕ್ಕಿಟ್ಟು ನಿಂತವನೇ ದೊಡ್ಡವನೆಂದು ನನ್ನ ತೀರ್ಮಾನ. ಮರುದಿನ ಚಹಾಕ್ಕೆ ಕೂತಾಗ ಹಾಗೆಯೇ ಹೇಳಿದೆ. ಹುಡುಗ ಒಪ್ಪಲಿಲ್ಲ. "ಆದರೂ ಸಾರ್, ಸೊನ್ನೆ ಸೊನ್ನೆಯೇ ಅಲ್ಲವಾ?"

"ಅಲ್ಲ ಮಾರಾಯ, ಆ ರಾತ್ರಿ ಗೆದ್ದ ಮೇಲೆ ಮಾರ್ಸಿಯಾನೊ ಲೂಯಿಸ್‌ನ ಕೋಣೆಗೆ ಹೋಗಿ ಅತ್ತನಂತೆ," ಎಂದೆ. ಅವನು ಗ್ಲಾಸು ಕೆಳಗಿಟ್ಟು ಕೇಳಿದ, "ಗೆದ್ದವನಾ?"