ಸಂಗೀತ ನಮಗೆ, ಸಂಕಟ ಅವನಿಗೆ ಮಾತ್ರವೇ?



ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರದ ಗಾನವೃಂದದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಯುವಕನೊಬ್ಬನನ್ನು ಮಣ್ಣಿಗೊಪ್ಪಿಸಿದೆವು. ಕುಡಿತ ಅವನನ್ನು ನುಂಗಿಹಾಕಿತ್ತು. ಸಮಾಧಿಯಿಂದ ಹಿಂತಿರುಗುವಾಗ ಹಿರಿಯರೊಬ್ಬರು ಕೇಳಿದರು: "ಫಾದರ್, ದೇವರು ಅಷ್ಟು ದೊಡ್ಡ ವರ ಕೊಟ್ಟಿದ್ದರು. ಅದನ್ನು ಹಾಳುಮಾಡಿಕೊಂಡವನು ದೇವರ ಮುಂದೆ ಏನು ಲೆಕ್ಕ ಒಪ್ಪಿಸಿಯಾನು?" ನಾನು ಏನೋ ಸಮಾಧಾನ ಹೇಳಿ ಮುಂದೆ ನಡೆದೆ. ಆದರೆ ಪ್ರಶ್ನೆ ನನ್ನನ್ನು ಬಿಟ್ಟು ಹೋಗಲಿಲ್ಲ.

ಇದು ಒಂದೂರಿನ ಕಥೆಯಲ್ಲ. ಅಮೆರಿಕದ ಜಾಸ್ ಸಂಗೀತದಲ್ಲಿ ಚಾರ್ಲಿ ಪಾರ್ಕರ್ ಎಂಬ ದೊಡ್ಡ ಹೆಸರಿದೆ. 1920ರಲ್ಲಿ ಹುಟ್ಟಿದ ಆತ ಸ್ಯಾಕ್ಸೊಫೋನ್ ನುಡಿಸುವ ರೀತಿಯನ್ನೇ ಬದಲಿಸಿದ. ಹದಿಹರೆಯದಲ್ಲೇ ಮಾದಕ ವಸ್ತುವಿನ ಹಿಡಿತಕ್ಕೂ ಸಿಕ್ಕಿದ. 1946ರಲ್ಲಿ ನೆಟ್ಟಗೆ ನಿಲ್ಲಲಾಗದ ಸ್ಥಿತಿಯಲ್ಲಿ ಆತ ನುಡಿಸಿದ್ದನ್ನೂ ಧ್ವನಿಮುದ್ರಿಸಿ ಮಾರಲಾಯಿತು. ಅದೇ ಮುದ್ರಣದ ರಾತ್ರಿ ಕುಸಿದುಬಿದ್ದ ಆತ ಮಾನಸಿಕ ಆಸ್ಪತ್ರೆಯಲ್ಲಿ ಆರು ತಿಂಗಳು ಕಳೆದ. 1949ರಲ್ಲಿ ನ್ಯೂಯಾರ್ಕಿನಲ್ಲಿ ಆತನ 'ಬರ್ಡ್' ಎಂಬ ಅಡ್ಡಹೆಸರಿನಿಂದಲೇ 'ಬರ್ಡ್‌ಲ್ಯಾಂಡ್' ಎಂಬ ಕ್ಲಬ್ ತೆರೆಯಿತು. ಮುಂದೊಂದು ದಿನ ಅದೇ ಕ್ಲಬ್ ಆತನಿಗೆ ಬಾಗಿಲು ಮುಚ್ಚಿತು. 1955ರ ಮಾರ್ಚ್ 12ರಂದು ಆತ ತೀರಿಕೊಂಡಾಗ, ದೇಹ ನೋಡಿದ ವೈದ್ಯರು ವಯಸ್ಸು ಐವತ್ತು ದಾಟಿರಬೇಕು ಎಂದುಕೊಂಡರು. ಆತನಿಗೆ ಆಗಿದ್ದದ್ದು 34 ವರ್ಷ!

ಇನ್ನೂ ದುಃಖದ ಸಂಗತಿ ಇದೆ. ಪಾರ್ಕರನ ಹಾಗೆ ನುಡಿಸಬೇಕೆಂಬ ಆಸೆಯಿಂದ ಎಷ್ಟೋ ಯುವಕರು ಆತನ ಚಟವನ್ನೂ ಅನುಕರಿಸಿದರು. ಮದ್ದಿನಿಂದ ಸಂಗೀತ ಮೇಲಾಗುತ್ತದೆ ಎನ್ನುವುದು ಸುಳ್ಳೆಂದು ಪಾರ್ಕರನೇ ಬಹಿರಂಗವಾಗಿ ಹೇಳಿದ್ದ. ಜಾನ್ ಕೋಲ್ಟ್ರೇನ್ ಎಂಬ ಇನ್ನೊಬ್ಬ ವಾದಕನ ಬಾಳು ಇದನ್ನು ತೋರಿಸಿಕೊಟ್ಟಿತು. 1957ರಲ್ಲಿ ಆತ ಹೆರಾಯಿನ್ ಬಿಟ್ಟ. ಆತನ ಮಹತ್ವದ ಕೃತಿಗಳು ಬಂದದ್ದು ಅದಾದ ಮೇಲೆ. ಬೆಂಕಿ ಹತ್ತಿದ ಮನೆಯಲ್ಲಿ ಬೆಳಕು ಹೆಚ್ಚಾಗಿಯೇ ಕಾಣುತ್ತದೆ. ಆದರೆ ಅದು ದೀಪದ ಬೆಳಕಲ್ಲ.

ಹಾಗಾದರೆ ವರ ಪಡೆದವನು ಏಕೆ ಬೀಳುತ್ತಾನೆ? ಸಂತ ಥಾಮಸ್ ಅಕ್ವಿನಾಸರ ಎರಡು ವಿಚಾರಗಳು ಇಲ್ಲಿ ನೆರವಾಗುತ್ತವೆ. ಕಲೆ ಕೃತಿಯನ್ನು ಚೆನ್ನಾಗಿ ಮಾಡುತ್ತದೆ. ಮಾಡುವವನನ್ನೇ ಒಳ್ಳೆಯವನನ್ನಾಗಿ ಮಾಡುವುದು ಸದ್ಗುಣ. ಬೆರಳು ಚುರುಕಾಗಿದೆ ಎಂದ ಮಾತ್ರಕ್ಕೆ ಮನಸ್ಸು ಗಟ್ಟಿಯಾಗಿದೆ ಎಂದಲ್ಲ. ನಾವೋ ಚಪ್ಪಾಳೆ ತಟ್ಟಿ, 'ಅವನಿಗೇನು ಕಡಿಮೆ' ಎಂದುಕೊಳ್ಳುತ್ತೇವೆ. ಎರಡನೆಯ ವಿಚಾರ ಇನ್ನೂ ಆಳವಾದದ್ದು. ಕೆಲವು ವರಗಳನ್ನು ದೇವರು ಪಡೆದವನ ಸ್ವಂತ ಪವಿತ್ರತೆಗಾಗಿ ಕೊಡುವುದಿಲ್ಲ, ಇತರರ ಹಿತಕ್ಕಾಗಿ ಕೊಡುತ್ತಾರೆ. ಸಂತರು ಇದನ್ನು ಹೇಳಿದ್ದು ಪ್ರವಾದನೆಯಂತಹ ವರಗಳ ಬಗ್ಗೆ. ಆದರೆ ಸಂಗೀತಕ್ಕೂ ಈ ಮಾತು ಒಪ್ಪುತ್ತದೆ ಎಂದು ನನಗೆ ತೋರುತ್ತದೆ. ಹಾಗಿದ್ದರೆ ಅವನ ಕೈಗೆ ಬಂದದ್ದು ನಮ್ಮ ಪಾಲೂ ಹೌದು. ಫಲ ಉಂಡವರಿಗೆ ಮರಕ್ಕೆ ನೀರೆರೆಯುವ ಹೊಣೆ ಇಲ್ಲವೇ?

'ಆದರೂ ತಪ್ಪು ಅವನದೇ ತಾನೆ?' ಎಂದು ನೀವು ಕೇಳಬಹುದು. ಮಾದಕ ವ್ಯಸನ ಗಂಭೀರ ದೋಷವೆಂದೇ ಧರ್ಮಸಭೆ ಬೋಧಿಸುತ್ತದೆ. ಅದನ್ನು ಮೆದುಗೊಳಿಸುವ ಅಧಿಕಾರ ನನಗಿಲ್ಲ. ಆದರೆ 1992ರಲ್ಲಿ ಸಂತ ಎರಡನೇ ಜಾನ್ ಪೌಲರು ಹೊರಡಿಸಿದ ಧರ್ಮೋಪದೇಶ ಗ್ರಂಥ ಇನ್ನೊಂದನ್ನೂ ತಿಳಿಸುತ್ತದೆ: ಭಯ, ಒತ್ತಡ, ಅಭ್ಯಾಸಬಲ ಇವು ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವು. ಮೊದಲ ಲೋಟ ಎತ್ತಿದ ಕೈಗೆ ಇದ್ದ ಸ್ವಾತಂತ್ರ್ಯ ಸಾವಿರದ ಲೋಟ ಎತ್ತುವ ಕೈಗೆ ಇರುವುದಿಲ್ಲ. ಬಯಸದ ಕೆಟ್ಟದ್ದನ್ನೇ ಮಾಡುತ್ತೇನಲ್ಲ ಎಂದು ಸಂತ ಪೌಲರೇ ನರಳಿದರು. ಎಷ್ಟು ಅಂಶ ಪಾಪ, ಎಷ್ಟು ಅಂಶ ಕಾಯಿಲೆ ಎಂದು ತೂಗುವ ತಕ್ಕಡಿ ದೇವರ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ.

ನಮ್ಮ ಕೈಯಲ್ಲಿರುವುದು ಏನು? ಪಾರ್ಕರನ ಕಾಲದವಳೇ ಆದ ಮೇರಿ ಲೂ ವಿಲಿಯಮ್ಸ್ ಎಂಬ ಪಿಯಾನೊ ವಾದಕಿ ಅದನ್ನು ತೋರಿಸಿದ್ದಾಳೆ. 1954ರಲ್ಲಿ ಕೀರ್ತಿಯ ನಡುವೆಯೇ ಪ್ಯಾರಿಸಿನ ವೇದಿಕೆಯಿಂದ ಎದ್ದುಹೋದ ಆಕೆ, 1957ರಲ್ಲಿ ಕಥೋಲಿಕ ಧರ್ಮಸಭೆಯಲ್ಲಿ ಜ್ಞಾನಸ್ನಾನ ಪಡೆದಳು. ಚಟಕ್ಕೆ ಬಲಿಯಾದ ಸಂಗೀತಗಾರರನ್ನು ನ್ಯೂಯಾರ್ಕಿನ ಹಾರ್ಲೆಮ್‌ನ ತನ್ನ ಪುಟ್ಟ ಮನೆಗೆ ಕರೆತಂದು ಉಣಿಸಿದಳು, ಅವರಿಗಾಗಿ ಪ್ರಾರ್ಥಿಸಿದಳು. ಅವರ ನೆರವಿಗೆ ಹಣ ಕೂಡಿಸಲು ಹಳೆಯ ಸಾಮಾನುಗಳ ಅಂಗಡಿಯನ್ನೂ ನಡೆಸಿದಳು. ಎಲ್ಲರೂ ಉಳಿಯಲಿಲ್ಲ, ಅಂಗಡಿಯೂ ಉಳಿಯಲಿಲ್ಲ. ಆದರೂ ಆಕೆ ಅವರನ್ನು ಹಾದಿಬದಿಯಲ್ಲಿ ಬಿಟ್ಟು ದಾಟಿಹೋಗಲಿಲ್ಲ. ಆಕೆಯೇ ರಚಿಸಿದ ಬಲಿಪೂಜೆಯ ಸಂಗೀತ 1975ರಲ್ಲಿ ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿ ಮೊಳಗಿತು.

ಈಗ ನನ್ನ ತಪ್ಪೊಪ್ಪಿಗೆ. ಹಬ್ಬದ ಹಿಂದಿನ ಸಂಜೆ ಅಭ್ಯಾಸದ ವೇಳೆ ಆ ಯುವಕನ ಕೈ ನಡುಗುತ್ತಿದ್ದುದನ್ನು ನಾನು ಕಂಡಿದ್ದೆ. 'ನಾಳೆಯ ಗಾಯನ ಬಲಿಪೂಜೆ ಮುಗಿಯಲಿ, ಆಮೇಲೆ ಮಾತನಾಡೋಣ' ಎಂದುಕೊಂಡೆ. ಪೂಜೆ ಸೊಗಸಾಗಿ ನಡೆಯಿತು. ಆ 'ಆಮೇಲೆ' ಮಾತ್ರ ಬರಲೇ ಇಲ್ಲ. ಮದುವೆ ಮನೆಗಳಲ್ಲಿ ಅವನಿಗೆ ಕೂಲಿಯ ಜೊತೆ ಬಾಟಲಿಯನ್ನೂ ಕೊಟ್ಟವರು ನಮ್ಮವರೇ. 'ಕುಡಿದರೇನು, ಎಷ್ಟು ಚೆನ್ನಾಗಿ ನುಡಿಸುತ್ತಾನೆ' ಎಂದವರೂ ನಮ್ಮವರೇ. ನನಗೆ ಬೇಕಾಗಿದ್ದದ್ದೂ ಅವನ ಸಂಗೀತವೇ.

ಆದುದರಿಂದ, ಪ್ರಿಯ ತಂದೆತಾಯಂದಿರೇ, ಮಗ ಚೆನ್ನಾಗಿ ಹಾಡಿದಾಗ ಮೆಚ್ಚಿಕೊಳ್ಳಿ. ಹಾಡದ ದಿನವೂ ಅವನು ನಿಮಗೆ ಬೇಕಾದವನೆಂದು ತಿಳಿಸಿ. ಮನೆಯಲ್ಲಿ ಚಟ ಹೊಕ್ಕಿದ್ದರೆ ಮರ್ಯಾದೆಗೆ ಅಂಜಿ ಬಚ್ಚಿಡಬೇಡಿ. ಪ್ರಾರ್ಥನೆ ಬಿಡಬೇಡಿ, ವೈದ್ಯರನ್ನೂ ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಕುಡಿತ ಬಿಟ್ಟವರೇ ಒಬ್ಬರನ್ನೊಬ್ಬರು ಎತ್ತಿಹಿಡಿಯುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪುಗಳಿವೆ. ಸಂಭ್ರಮದ ಮನೆಯವರೇ, ಬ್ಯಾಂಡಿನವರಿಗೆ ಊಟ ಬಡಿಸಿ, ಕೂಲಿ ಕೊಡಿ; ಬಾಟಲಿ ಕೊಡಬೇಡಿ.

ಅಂದು ಆ ಹಿರಿಯರಿಗೆ ಕೊಡಲಾಗದ ಉತ್ತರವನ್ನು ಇಂದು ಕೊಡುತ್ತೇನೆ. ವರದ ಲೆಕ್ಕವನ್ನು ದೇವರು ಅವನನ್ನು ಕೇಳುವರು, ನಿಜ. ಆದರೆ ಸಹೋದರ ಎಲ್ಲಿ ಎಂದು ಕಾಯಿನನನ್ನು ಕೇಳಿದ ದೇವರು, ಅವನ ಲೆಕ್ಕವನ್ನು ನಮ್ಮನ್ನೂ ಕೇಳುವರು. ಮುಂದಿನ ಭಾನುವಾರ ಗಾನವೃಂದದ ಹಾಡು ನಿಮ್ಮ ಹೃದಯ ಮುಟ್ಟಿದರೆ, ಪೂಜೆ ಮುಗಿದ ಮೇಲೆ ಹಾಡಿದವರ ಬಳಿ ಒಂದು ಗಳಿಗೆ ನಿಂತು, 'ಹೇಗಿದ್ದೀಯ ಮಗು?' ಎಂದು ಕೇಳಿ. ಕೇಳಿದ ಮೇಲೆ, ಉತ್ತರಕ್ಕೂ ಕಾಯಿರಿ.