ದುರ್ಬೀನಿನ ಪ್ರಾಮಾಣ್ಯ

ಜೇಬಿನಲ್ಲಿ ಹಿಡಿಸುವ ಅಗ್ಗದ ದುರ್ಬೀನುಗಳನ್ನು ಹೋಲಿಸಿ ನೋಡುವುದು ಕೊಳ್ಳುವವನ ಲೆಕ್ಕಾಚಾರವೆಂದೇ ಸಾಮಾನ್ಯ ಭಾವನೆ. ಆದರೆ ಭಾರತೀಯ ಪ್ರಮಾಣಶಾಸ್ತ್ರ, ಎಂದರೆ ಸರಿಯಾದ ಅರಿವು ಯಾವ ಸಾಧನದಿಂದ ಹುಟ್ಟುತ್ತದೆಂದು ವಿಚಾರಿಸುವ ಶಾಸ್ತ್ರ, ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆಯೊಂದು ಅದರೊಳಗೆ ಅಡಗಿದೆ. ಗಾಜಿನ ಮೂಲಕ ಕಂಡ ಹಕ್ಕಿ ಪ್ರತ್ಯಕ್ಷವೇ, ಅಥವಾ ಬಿಂಬವೊಂದನ್ನು ಕಂಡು ಅದರಾಚೆಗೆ ಅನುಮಾನದಿಂದ, ಎಂದರೆ ತರ್ಕದ ಊಹೆಯಿಂದ, ಸಿದ್ಧಪಡಿಸಿಕೊಂಡ ವಸ್ತುವೇ?

ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರವು ಪ್ರತ್ಯಕ್ಷವನ್ನು ಇಂದ್ರಿಯ ಮತ್ತು ವಿಷಯಗಳ ಸನ್ನಿಕರ್ಷದಿಂದ, ಎಂದರೆ ಸಂಪರ್ಕದಿಂದ, ಹುಟ್ಟುವ ಜ್ಞಾನವೆಂದು ಹೇಳುತ್ತದೆ. ಆ ದರ್ಶನದವರಾದ ನೈಯಾಯಿಕರ ಮತದಲ್ಲಿ ಕಣ್ಣು ತೇಜೋಮಯವಾದುದರಿಂದ ಅದರ ಕಿರಣವೇ ಹೊರಟು ವಸ್ತುವನ್ನು ಮುಟ್ಟುತ್ತದೆ. ಗಾಜು, ಅಭ್ರಕ, ಸ್ಫಟಿಕಗಳ ಹಿಂದಿನ ವಸ್ತುವೂ ಕಾಣುವುದರಿಂದ ಸಂಪರ್ಕವೇ ಬೇಡವೆಂಬ ಆಕ್ಷೇಪವನ್ನು ಆ ಗ್ರಂಥವೇ ಎತ್ತಿಕೊಂಡು, ಸ್ವಚ್ಛದ್ರವ್ಯಗಳು ಕಿರಣವನ್ನು ತಡೆಯುವುದಿಲ್ಲ ಎಂದು ಉತ್ತರಿಸುತ್ತದೆ. ದುರ್ಬೀನಿನ ಮಸೂರವಾದರೋ ತಡೆಯದಿರುವುದಷ್ಟೇ ಅಲ್ಲ, ಬಾಗಿಸುತ್ತದೆ ಕೂಡ. ಪೊರ್ರೊ ಪ್ರಿಸಂ ಎಂಬ ಹಳೆಯ ವಿನ್ಯಾಸದಲ್ಲಿ ಬೆಳಕು ಎರಡು ಗಾಜಿನ ತುಂಡುಗಳೊಳಗೆ ನಾಲ್ಕು ಸಲ ಪ್ರತಿಫಲಿಸಿದ ಮೇಲೆಯೇ ಕಣ್ಣಿಗೆ ಬರುತ್ತದೆ. ಹೀಗಾಗಿ ದುರ್ಬೀನಿಗೆ ಅಭ್ರಕಕ್ಕಿಂತ ಕನ್ನಡಿಯ ದೃಷ್ಟಾಂತವೇ ಹೆಚ್ಚು ಹೊಂದುತ್ತದೆ. ಕನ್ನಡಿಗೆ ತಾಗಿ ಹಿಂದಿರುಗಿದ ಕಿರಣ ನೋಡುವವನ ಮುಖವನ್ನೇ ಗ್ರಹಿಸುತ್ತದೆಂದು ಒಪ್ಪಿದ ನೈಯಾಯಿಕನಿಗೆ, ದಾರಿ ಬಾಗಿದ ಮಾತ್ರಕ್ಕೆ ಪ್ರತ್ಯಕ್ಷತ್ವ ಕೆಡಬೇಕಾಗಿಲ್ಲ. ಜೈನರ ನಿಲುವು ಇನ್ನೂ ನಿಷ್ಠುರವಾದುದು. ತತ್ತ್ವಾರ್ಥಸೂತ್ರದ ಪ್ರಕಾರ ಇಂದ್ರಿಯದ ಮೂಲಕ ಬಂದ ಅರಿವೆಲ್ಲವೂ ಪರೋಕ್ಷವೇ, ಆತ್ಮವು ನೇರವಾಗಿ ಅರಿತದ್ದು ಮಾತ್ರ ಪ್ರತ್ಯಕ್ಷ. ಅಕಲಂಕನಂಥ ನಂತರದ ತಾರ್ಕಿಕರು ಇಂದ್ರಿಯಜ್ಞಾನಕ್ಕೆ ವ್ಯವಹಾರದ ಮಟ್ಟಿಗೆ ಪ್ರತ್ಯಕ್ಷವೆಂಬ ಹೆಸರನ್ನು ಬಿಟ್ಟುಕೊಟ್ಟರು. ಈ ನೋಟದಲ್ಲಿ ಬರಿಗಣ್ಣೂ ಒಂದು ಉಪಕರಣ, ದುರ್ಬೀನು ಅದಕ್ಕೆ ಸೇರಿದ ಇನ್ನೊಂದು.

ಹಾಗಿದ್ದಲ್ಲಿ ಉಪಕರಣ ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ, ಅದರಲ್ಲಿ ದೋಷವಿದೆಯೋ ಇಲ್ಲವೋ ಎಂಬುದು ಮುಖ್ಯ. ಇಲ್ಲಿ ಮೀಮಾಂಸಕರ ಮಾತು ಹೆಚ್ಚು ಉಪಯುಕ್ತ. ಕುಮಾರಿಲಭಟ್ಟನ ಮತದಲ್ಲಿ ಜ್ಞಾನವು ಸ್ವತಃ ಪ್ರಮಾಣ, ಎಂದರೆ ಹುಟ್ಟಿದಾಗಲೇ ನಂಬಲರ್ಹ. ಆ ನಂಬಿಕೆ ಬೀಳುವುದು ವಿರುದ್ಧವಾದ ಇನ್ನೊಂದು ಜ್ಞಾನ ಬಂದಾಗ, ಇಲ್ಲವೇ ಕರಣದೋಷ, ಎಂದರೆ ಜ್ಞಾನಸಾಧನದ ಕೆಡುಕು, ತಿಳಿದಾಗ. ಇದಕ್ಕೆ ಶಾಸ್ತ್ರಗ್ರಂಥಗಳು ಕೊಡುವ ಉದಾಹರಣೆಗಳು ತಿಮಿರವೆಂಬ ಕಣ್ಣಿನ ರೋಗವಿದ್ದವನಿಗೆ ಕಾಣುವ ಎರಡು ಚಂದ್ರ ಮತ್ತು ಕಾಮಾಲೆಯವನಿಗೆ ಹಳದಿಯಾಗಿ ತೋರುವ ಶಂಖ. ಅಗ್ಗದ ದುರ್ಬೀನಿನಲ್ಲಿ ಇವೆರಡೂ ಅಕ್ಷರಶಃ ಸಿಗುತ್ತವೆ. ಎರಡು ನಳಿಗೆಗಳ ಅಕ್ಷಗಳು ಸಮಾನಾಂತರದಲ್ಲಿಲ್ಲದಿದ್ದರೆ ಒಂದೇ ಚಂದ್ರ ಎರಡಾಗಿ ಕಾಣುತ್ತದೆ. ಓರೆ ಅಲ್ಪವಾಗಿದ್ದರೆ ಮಿದುಳು ಹೇಗೋ ಎರಡನ್ನೂ ಕೂಡಿಸಿಕೊಂಡು, ಅದರ ಬೆಲೆಯನ್ನು ತಲೆನೋವಾಗಿ ವಸೂಲು ಮಾಡುತ್ತದೆ. ಮಸೂರವು ಬಣ್ಣಬಣ್ಣದ ಬೆಳಕನ್ನು ಬೇರೆಬೇರೆಯಾಗಿ ಬಾಗಿಸುವುದರಿಂದ ಆಕಾಶದ ಎದುರು ಹಾರುವ ಬೆಳ್ಳಕ್ಕಿಯ ರೆಕ್ಕೆಯಂಚಿಗೆ ನೇರಳೆ ಗೆರೆಯೊಂದು ಅಂಟಿಕೊಳ್ಳುತ್ತದೆ. ಒಂದು ವ್ಯತ್ಯಾಸವಂತೂ ಇದೆ: ಕಾಮಾಲೆಯವನು ಕಣ್ಣನ್ನು ಕಳಚಿಟ್ಟು ಶಂಖವನ್ನು ನೋಡಲಾರ, ದುರ್ಬೀನನ್ನು ಕೆಳಗಿಡಬಹುದು.

ಹೋಲಿಕೆಯೆಂದರೆ ಈ ಕರಣದೋಷಗಳ ಪರೀಕ್ಷೆ. ದುರ್ಬೀನಿನ ಮೇಲೆ ಬರೆದಿರುವ 8×25 ಎಂಬುದರಲ್ಲಿ ಮೊದಲನೆಯದು ಎಷ್ಟು ಪಟ್ಟು ಹಿಗ್ಗಿಸುತ್ತದೆಂಬುದು, ಎರಡನೆಯದು ಮುಂದಿನ ಮಸೂರದ ವ್ಯಾಸ ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲಪುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 8×25ಕ್ಕೆ ಅದು ಸುಮಾರು 3.1 ಮಿ.ಮೀ., 10×25ಕ್ಕೆ 2.5. ಹೆಚ್ಚು ಹಿಗ್ಗಿಸುವುದೇ ಹೆಚ್ಚು ತಿಳಿಸುತ್ತದೆಂಬ ನಂಬಿಕೆಯಿಂದ 10×25ನ್ನು ಕೊಳ್ಳುವವರು ಬಹಳ. ಅದು ಕೈಯ ನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುವುದರಿಂದ ಗರಿಯ ವಿವರ ಅಲುಗಾಟದಲ್ಲಿ ಕರಗಿಹೋಗುತ್ತದೆ, ಈ ಗಾತ್ರದಲ್ಲಿ 8 ಪಟ್ಟಿನದೇ ಮೇಲು. ಕಿಸೆಗೆ ತೆಳ್ಳಗೆ ಕೂರುವ ರೂಫ್ ಪ್ರಿಸಂ, ಎಂದರೆ ಮಾಡಿನಂತೆ ಎರಡು ಮುಖ ಕೂಡುವ ಪ್ರಿಸಂ, ಬೆಳಕನ್ನು ಸೀಳಿ ಮತ್ತೆ ಸೇರಿಸುತ್ತದೆ. ಆ ಸೇರುವಿಕೆಯನ್ನು ಸರಿಪಡಿಸುವ ವಿಶೇಷ ಲೇಪನ ಅಗ್ಗದವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲವಾದ್ದರಿಂದ ನೋಟ ಸ್ವಲ್ಪ ಮಂಕು. ಅದೇ ಬೆಲೆಗೆ ತುಸು ದಪ್ಪನೆಯ ಪೊರ್ರೊ ವಿನ್ಯಾಸ ಸಾಮಾನ್ಯವಾಗಿ ನಿಚ್ಚಳ.

ಒಂದು ದುರ್ಬೀನಿನ ದೋಷವನ್ನು ಇನ್ನೊಂದರಿಂದ, ಅದರದನ್ನು ಮತ್ತೂ ದುಬಾರಿಯಾದುದರಿಂದ ಅಳೆಯುತ್ತಾ ಹೋದರೆ ಅನವಸ್ಥೆ, ಎಂದರೆ ಕೊನೆಯಿಲ್ಲದ ಸರಣಿ, ಒದಗುತ್ತದೆ. ಮೂರು ನಾಲ್ಕು ಜ್ಞಾನಗಳಾಚೆಗೆ ಶಂಕೆಯನ್ನು ಬೆಳೆಸಬೇಕಾಗಿಲ್ಲವೆಂದು ಕುಮಾರಿಲನು ಅದನ್ನು ಅಲ್ಲಿಗೇ ನಿಲ್ಲಿಸುತ್ತಾನೆ. ಪೆಂಟಾಕ್ಸ್ ಬ್ರಾಂಡಿನ ಪ್ಯಾಪಿಲಿಯೊ 6.5×21 ಎಂಬ ದುರ್ಬೀನು ಈ ಸರಣಿಯನ್ನು ಬೇರೆ ರೀತಿಯಲ್ಲಿ ಕಡಿಯುತ್ತದೆ. ಅದು ಅರ್ಧ ಮೀಟರು ದೂರದ ವಸ್ತುವನ್ನೂ ಸ್ಫುಟವಾಗಿ ತೋರಿಸುವುದರಿಂದ, ಹೂವಿನ ಮೇಲೆ ಕುಳಿತ ಚಿಟ್ಟೆಯನ್ನು ಮೊದಲು ಗಾಜಿನಲ್ಲೂ ಮರುಕ್ಷಣ ಬರಿಗಣ್ಣಿನಲ್ಲೂ ನೋಡಿ ಎರಡೂ ಒಂದಕ್ಕೊಂದು ಸಂವಾದಿಯೇ ಎಂದು ತಾಳೆ ನೋಡಬಹುದು. ಗೆಲಿಲಿಯೊ ಕೂಡ ಗುರುಗ್ರಹದ ಉಪಗ್ರಹಗಳ ವಿಷಯದಲ್ಲಿ ತನ್ನ ದೂರದರ್ಶಕವನ್ನು ನಂಬಿಸಲು ಅದನ್ನು ಭೂಮಿಯ ಮೇಲಿನ, ಹೋಗಿ ನೋಡಬಹುದಾದ ವಸ್ತುಗಳತ್ತ ತಿರುಗಿಸಿ ತೋರಿಸಬೇಕಾಗಿತ್ತು.

ಸಣ್ಣ ದುರ್ಬೀನಿನ ನಿಜವಾದ ತೊಡಕು ಇರುವುದು ಅದು ತಪ್ಪು ತೋರಿಸುವುದರಲ್ಲಿ ಅಲ್ಲ, ತೋರಿಸದೆ ಇರುವುದರಲ್ಲಿ. ಕುಮಾರಿಲಭಟ್ಟನ ಅನುಯಾಯಿಗಳಾದ ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವುದನ್ನು, ವಸ್ತುವಿನ ಅಭಾವ ತಿಳಿಸುವ ಪ್ರಮಾಣವೆಂದು ಒಪ್ಪುತ್ತಾರೆ, ಆದರೆ ಯೋಗ್ಯತೆಯ ಷರತ್ತಿನೊಂದಿಗೆ: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲವೆನ್ನಬಹುದು. ಮುಸ್ಸಂಜೆಯಲ್ಲಿ ಕಣ್ಣಪಾಪೆ ಐದಾರು ಮಿಲಿಮೀಟರಿಗೆ ಅಗಲಿಸಿಕೊಂಡರೂ 8×21 ಕೊಡುವುದು 2.6 ಮಿ.ಮೀ. ಬೆಳಕನ್ನಷ್ಟೇ, ಅದರಲ್ಲಿ ಗೂಬೆ ಕಾಣಲಿಲ್ಲವೆಂಬ ಕಾರಣಕ್ಕೆ ಮರದಲ್ಲಿ ಗೂಬೆಯಿಲ್ಲ ಎನ್ನುವಂತಿಲ್ಲ. ಹಾಗೆ ಹೇಳುವ ಯೋಗ್ಯತೆಗೆ ಹೆಚ್ಚು ಹತ್ತಿರವಿರುವುದು 5 ಮಿ.ಮೀ. ಮೀರುವ 8×42, ಅದು ಜೇಬಿನಲ್ಲಿ ಹಿಡಿಸುವುದಿಲ್ಲ.