ರೆಕ್ಕೆಯ ಮೇಲೆ ಕೂತವನ ಬಲ

ಗದಗ ದಾಟಿ ಕಪ್ಪತಗುಡ್ಡದ ಕಡೆ ಹೊರಟರೆ ಗಾಳಿಯಂತ್ರಗಳು ಸಾವಕಾಶ ತಿರುಗುತ್ತಿರುತ್ತವೆ. ಸಾವಕಾಶ ಎಂಬುದು ಕಣ್ಣಿನ ಲೆಕ್ಕ. 50 ಮೀಟರ್ ಉದ್ದದ ರೆಕ್ಕೆಯ ತುದಿ ಸೆಕೆಂಡಿಗೆ 80 ಮೀಟರ್ ಓಡಿದರೆ, ಅಲ್ಲಿರುವ ಪ್ರತಿ ಕಿಲೋವನ್ನೂ ಅದರ ತೂಕದ 13 ಪಟ್ಟು ಬಲ ಹೊರಕ್ಕೆ ಜಗ್ಗುತ್ತದೆ. ಹೆಲಿಕಾಪ್ಟರಿನಲ್ಲಂತೂ ಇದು ವಿಪರೀತ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ, 1992ರಲ್ಲಿ ಮೊದಲ ಸಲ ಹಾರಿದ ಧ್ರುವದ ರೋಟರ್ ವ್ಯಾಸ 13.2 ಮೀಟರ್; ತುದಿಯ ವೇಗ ಸೆಕೆಂಡಿಗೆ 210 ಮೀಟರ್ ಎಂದು ಹಿಡಿದರೆ ಜಗ್ಗಾಟ ತೂಕದ 680 ಪಟ್ಟು.

ಜಗ್ಗುವವರು ಯಾರು? ಯಾರೂ ಇಲ್ಲ.

ನೆಲದ ಮೇಲೆ ನಿಂತವನ ಲೆಕ್ಕದಲ್ಲಿ ಹೊರಕ್ಕೆ ಜಗ್ಗುವ ಈ ಕೇಂದ್ರಾಪಗಾಮಿ ಬಲವೇ ಬರುವುದಿಲ್ಲ. ನೇರ ಹಾರಿಹೋಗಬೇಕಿದ್ದ ತುದಿಯನ್ನು ಬುಡ ಒಳಕ್ಕೆ ಎಳೆದು ತಿರುಗಿಸುತ್ತಿದೆ, ಅಷ್ಟೆ. ರೆಕ್ಕೆಯ ಜತೆ ತಿರುಗುವವನಿಗೆ ಮಾತ್ರ ಆ ಬಲ ಉಂಟು. ಭೌತಶಾಸ್ತ್ರ ಅದನ್ನು ಹುಸಿ ಬಲ ಎನ್ನುತ್ತದೆ. ಆದರೆ ಕಂಪ್ಯೂಟರಿನಲ್ಲಿ ರೆಕ್ಕೆಯನ್ನು ನೂರಾರು ತುಣುಕು ಮಾಡಿ ಕಂಪನದ ಲೆಕ್ಕ ಹಾಕುವ ಎಂಜಿನಿಯರ್ ಅದನ್ನು ಮರೆತರೆ ಕೆಟ್ಟ. ನಿಂತಾಗ ಸೆಕೆಂಡಿಗೆ 2 ಸಲ ಮೇಲೆ ಕೆಳಗೆ ತೊನೆಯುವ, ಉದ್ದಕ್ಕೂ ಒಂದೇ ದಪ್ಪದ ರೆಕ್ಕೆ, ಸೆಕೆಂಡಿಗೆ 5 ಸುತ್ತು ಹಾಕುವಾಗ ಸುಮಾರು 5.8 ಸಲ ತೊನೆಯುತ್ತದೆ. ಹೊರಕ್ಕೆ ಎಳೆದ ರೆಕ್ಕೆ ಬಿಗಿಯಾಗುತ್ತದೆ; ಈ ಬಿಗಿತದ ಬಹುಪಾಲು ತಿರುಗಾಟದ್ದೇ ಕೊಡುಗೆ. ತೊನೆತ ಸುತ್ತಿನ ಲಯಕ್ಕೆ ಕೂಡಿಬಿಟ್ಟರೆ ಲೋಹ ದಣಿದು ಬಿರುಕು ಬಿಡುತ್ತದೆ. ಆ ಅಪಾಯದ ವೇಗಗಳನ್ನು ಗುರುತಿಸುವ ನಕ್ಷೆಗೆ ಇಂದಿಗೂ ಎಂಜಿನಿಯರ್ ವಿಲ್ಫ್ರೆಡ್ ಕ್ಯಾಂಪ್‌ಬೆಲ್ ಹೆಸರಿದೆ.

ಇಲ್ಲದ ಬಲ ಇರುವ ಬಿಗಿತವನ್ನು ಹೇಗೆ ಕೊಟ್ಟೀತು? ಹುಬ್ಬಳ್ಳಿಯಲ್ಲಿ ಈ ಪ್ರಶ್ನೆಯನ್ನು ಎರಡು ಕಡೆ ಒಯ್ಯಬಹುದು. ಒಂದು, 1947ರಲ್ಲಿ ಬಿ.ವಿ.ಬಿ. ಕಾಲೇಜಾಗಿ ಶುರುವಾಗಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ವಿದ್ಯಾನಗರದ ಸಂಸ್ಥೆ. ಇನ್ನೊಂದು, 1929ರಲ್ಲಿ ದೇಹಬಿಟ್ಟ ಸಿದ್ಧಾರೂಢರ ಮಠ. ಮಠದ ಅದ್ವೈತಿಗೆ ಪ್ರಶ್ನೆ ಹೊಸದಲ್ಲ. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಇದನ್ನೇ ಎತ್ತಿಕೊಳ್ಳುತ್ತಾರೆ: ವಿಷವೇರಿತೆಂಬ ಬರೀ ಶಂಕೆಯಿಂದ ಮನುಷ್ಯ ಸತ್ತದ್ದುಂಟು, ಅಂದಮೇಲೆ ಸುಳ್ಳು ಕಾರಣಕ್ಕೂ ನಿಜದ ಫಲ ಇರಬಹುದು.

ಇಷ್ಟಕ್ಕೇ ‘ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು’ ಎಂದು ಚಪ್ಪಾಳೆ ತಟ್ಟುವವರಿಗೇನೂ ಬರವಿಲ್ಲ. ಆದರೆ ಹೋಲಿಕೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಅದ್ವೈತಿಯ ಹಳೆಯ ಉದಾಹರಣೆಯಲ್ಲಿ, ಕತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡವನು ದೀಪ ತಂದರೆ ಹಾವು ಹೋಗುತ್ತದೆ, ಹೆದರಿಕೆಯೂ ಇಳಿಯುತ್ತದೆ. ನೆಲಕ್ಕಿಳಿದು ನೋಡಿದರೆ ಹುಸಿ ಬಲ ಹೋಗುತ್ತದೆ. ರೆಕ್ಕೆಗೆ ಅಂಟಿಸಿದ, ಎಳೆತ ಅಳೆಯುವ ಸ್ಟ್ರೇನ್ ಗೇಜ್ ತೋರಿಸುವ ಅಂಕಿ ಮಾತ್ರ ಕದಲುವುದಿಲ್ಲ. ಎಳೆತ ಇಬ್ಬರಿಗೂ ಒಂದೇ, ಅದಕ್ಕೆ ಹೇಳುವ ಕಾರಣ ಬೇರೆ. ನೆಲದವನ ಮಾತೇ ಕೊನೆಯದೆಂದೂ ಅಲ್ಲ: ತಿರುಗುವ ಬಕೆಟ್ಟಿನ ನೀರು ಅಂಚಿಗೇರುವುದನ್ನು ತೋರಿಸಿ 1687ರಲ್ಲಿ ನ್ಯೂಟನ್ ತಿರುಗಾಟ ನಿರಪೇಕ್ಷ ಎಂದ; 1883ರಲ್ಲಿ ಭೌತವಿಜ್ಞಾನಿ ಮ್ಯಾಕ್, ನಕ್ಷತ್ರಗಳಿಗೆ ಹೋಲಿಸದೆ ತಿರುಗಾಟ ಎನ್ನುವುದು ಹೇಗೆ ಎಂದು ಅಡ್ಡಹಾಕಿದ.

ಎಂಜಿನಿಯರಿಗೆ ಈ ಜಗಳ ಬಗೆಹರಿಯುವತನಕ ಕಾಯಲು ಪುರಸೊತ್ತಿಲ್ಲ. ಸಾಫ್ಟ್‌ವೇರ್ ಮೊದಲೇ ಕೇಳುತ್ತದೆ: ನಿಂತು ನೋಡುತ್ತೀರೋ, ತಿರುಗುತ್ತ ನೋಡುತ್ತೀರೋ? ಉರುಟು ಶಾಫ್ಟ್ ಆದರೆ ಯಾವುದಾದರೂ ನಡೆದೀತು. ಮೂರು ರೆಕ್ಕೆಯ ಗಾಳಿಯಂತ್ರವನ್ನು ನೆಲದಿಂದ ನೋಡಿದರೆ ಲೆಕ್ಕದ ಅಂಕಿಗಳೆಲ್ಲ ಕ್ಷಣಕ್ಷಣಕ್ಕೂ ಬದಲಾಗುತ್ತ ಹೋಗುತ್ತವೆ. ಹಾಗಾಗಿ ಆತ ರೆಕ್ಕೆಯ ಮೇಲೇ ಕೂತು, ಹುಸಿ ಬಲವನ್ನು ಕೈಯಾರೆ ಬರೆದುಕೊಳ್ಳುತ್ತಾನೆ.